ವೈರ್‌ಲೆಸ್ ಗ್ಯಾಸ್ ಸೆನ್ಸರ್ ಜಾಲ: ಸಿಮ್ಯುಲೇಷನ್ ಮುಗಿದ ಮೇಲೆ ಫಾರ್ಮಲ್ ವೆರಿಫಿಕೇಷನ್ ಎಲ್ಲಿಂದ ಶುರು ಮಾಡಬೇಕು?

ಸಿಗ್ನಲ್_ಶೋಧ:

ಮೊದಲು ಜಾಲದ ವಿವರ. 24 ಕ್ಯಾಟಲಿಟಿಕ್ ಗ್ಯಾಸ್ ಸೆನ್ಸರ್‌ಗಳು, 8 ವಲಯ, ವಲಯಕ್ಕೆ 3. ಮೂರರಲ್ಲಿ ಎರಡು ಸೆನ್ಸರ್ ಗ್ಯಾಸ್ ಇದೆ ಅಂದರೆ ಆ ವಲಯದ ವಾಲ್ವ್ ಮುಚ್ಚಬೇಕು. ವಿದ್ಯುತ್ 24 ವೋಲ್ಟ್, ಸ್ಥಳದಲ್ಲೇ ಸಿಗುತ್ತದೆ. ದತ್ತಾಂಶ ಮಾತ್ರ ರೇಡಿಯೊದಲ್ಲಿ: 802.15.4, 2.4 ಗಿಗಾಹರ್ಟ್ಸ್, ಟಿಎಸ್‌ಸಿಎಚ್ (ಕಾಲವನ್ನು ಸ್ಲಾಟ್‌ಗಳಾಗಿ ಹಂಚಿ, ಸ್ಲಾಟ್‌ನಿಂದ ಸ್ಲಾಟ್‌ಗೆ ಚಾನೆಲ್ ಬದಲಿಸುವ ವಿಧಾನ), 10 ಮಿಲಿಸೆಕೆಂಡಿನ ಸ್ಲಾಟ್, 100 ಸ್ಲಾಟ್‌ಗಳ ಸ್ಲಾಟ್‌ಫ್ರೇಮ್ (ಮತ್ತೆ ಮತ್ತೆ ಬರುವ ಒಂದು ಸುತ್ತು). ಸೆನ್ಸರ್‌ನಿಂದ ರಿಲೇ ನೋಡ್‌ಗಳ ಮೂಲಕ ಗೇಟ್‌ವೇಗೆ ಹೆಚ್ಚೆಂದರೆ 4 ಹಾಪ್ (ಜಿಗಿತ). ಪ್ರತಿ ಹಾಪ್‌ನಲ್ಲಿ ಒಂದು ಪ್ಯಾಕೆಟ್‌ಗೆ 4 ಪ್ರಯತ್ನ. ನಾಲ್ಕೂ ಸೋತರೆ ಪ್ಯಾಕೆಟ್ ರಿಲೇಯ ಕ್ಯೂನಲ್ಲೇ ಉಳಿದು ಮುಂದಿನ ಸ್ಲಾಟ್‌ಫ್ರೇಮ್‌ನಲ್ಲಿ ಮತ್ತೆ ಪ್ರಯತ್ನಿಸುತ್ತದೆ. ಕ್ಯೂ ಉದ್ದ 16, ತುಂಬಿದರೆ ಹೊಸದಾಗಿ ಬಂದದ್ದನ್ನು ಬಿಡುತ್ತದೆ. ಮರುಪ್ರಯತ್ನದ ಸ್ಲಾಟ್‌ಗಳನ್ನು ಅದೇ ಪ್ಯಾಕೆಟ್‌ಗೆ ಮಾತ್ರ ಬಳಸುತ್ತೇವೆ. ಗೇಟ್‌ವೇ ಕೊನೆಯ ಪ್ಯಾಕೆಟ್ ಬಂದು 5 ಸೆಕೆಂಡ್ ಆದರೆ ಅಲಾರಂ ಕೊಡುತ್ತದೆ.

ಸಿಮ್ಯುಲೇಟರ್‌ನಲ್ಲಿ 99.97% ಪ್ಯಾಕೆಟ್‌ಗಳು ತಲುಪುತ್ತಿವೆ. ಗುರಿ ಸಿಲ್ 2 (ಐಇಸಿ 61508 ಮಾನದಂಡದ ಸುರಕ್ಷತಾ ಮಟ್ಟ). ಗ್ಯಾಸ್ ಸೆನ್ಸರ್ ಮುಟ್ಟಿದ ಕ್ಷಣದಿಂದ ವಾಲ್ವ್ ಪೂರ್ತಿ ಮುಚ್ಚುವವರೆಗೆ 30 ಸೆಕೆಂಡ್ ಮಾತ್ರ ಇದೆ. ಸಿಮ್ಯುಲೇಷನ್ ಸಾಕಾಗುವುದಿಲ್ಲ, ಗಣಿತದ ಪುರಾವೆ (ಫಾರ್ಮಲ್ ವೆರಿಫಿಕೇಷನ್) ಬೇಕು ಅಂತ ಅಸೆಸರ್ (ಸುರಕ್ಷತೆ ಪರಿಶೀಲಿಸುವವರು) ಕೇಳುತ್ತಿದ್ದಾರೆ. ಉಪ್ಪಾಲ್, ಪ್ರಿಸಂ, ಸ್ಪಿನ್ ಅನ್ನುವ ಮಾಡೆಲ್ ಚೆಕರ್‌ಗಳ (ಮಾಡೆಲ್‌ನ ಎಲ್ಲ ಸ್ಥಿತಿಗಳನ್ನೂ ಹುಡುಕಿ ನೋಡುವ ಟೂಲ್‌ಗಳು) ಹೆಸರೂ ಕೇಳಿದ್ದೇನೆ. ಯಾವುದನ್ನು ಯಾವುದಕ್ಕೆ ಬಳಸಬೇಕು?

ಗಡಿಯಾರಪ್ರಿಯ:

ಟೂಲ್ ಆಮೇಲೆ. ಯಾವ ಗುಣವನ್ನು ಸಾಬೀತು ಮಾಡಬೇಕು ಅನ್ನೋದನ್ನ ಮೊದಲು ಒಂದು ವಾಕ್ಯದಲ್ಲಿ ಬರೆಯಿರಿ. "99.97% ತಲುಪುತ್ತದೆ" ಅನ್ನೋದು ನಿಮಗೆ ಬೇಕಾದ ಗುಣವೇ ಅಲ್ಲ. ನಿಮ್ಮ ವಿವರದಲ್ಲೇ ಇರುವ ಒಂದು ಸನ್ನಿವೇಶ ನೋಡಿ.

ಒಂದು ರಿಲೇಯ ಮೇಲಿನ ಲಿಂಕ್ 20 ಸೆಕೆಂಡ್ ಕೆಟ್ಟಿತು ಅಂದುಕೊಳ್ಳಿ. ಒಂದು ಸೆನ್ಸರ್‌ನ 16 ಪ್ಯಾಕೆಟ್‌ಗಳಿಂದ ಕ್ಯೂ ತುಂಬಿತು. ಲಿಂಕ್ ಸರಿಹೋಯಿತು. ಈಗ ಪ್ರತಿ ಸ್ಲಾಟ್‌ಫ್ರೇಮ್‌ಗೆ ಒಂದು ಪ್ಯಾಕೆಟ್ ಒಳಗೆ ಬರುತ್ತದೆ, ಒಂದು ಹೊರಗೆ ಹೋಗುತ್ತದೆ. ಮರುಪ್ರಯತ್ನದ ಸ್ಲಾಟ್‌ಗಳು ಅದೇ ಪ್ಯಾಕೆಟ್‌ಗೆ ಮೀಸಲು, ಹಾಗಾಗಿ ಮೊದಲ ಪ್ರಯತ್ನವೇ ಗೆದ್ದರೂ ಉಳಿದ ಮೂರು ಸ್ಲಾಟ್ ಖಾಲಿ ಹೋಗುತ್ತವೆ. ಕ್ಯೂ ಕರಗುವುದೇ ಇಲ್ಲ. ಅಲ್ಲಿಂದ ಮುಂದೆ ಗೇಟ್‌ವೇಗೆ ಬರುವ ಪ್ರತಿ ಮೌಲ್ಯವೂ ಸುಮಾರು 16 ಸೆಕೆಂಡ್ ಹಳೆಯದು. ನೋಡ್ ರೀಬೂಟ್ ಆಗುವವರೆಗೂ ಹೀಗೆಯೇ. ಪ್ಯಾಕೆಟ್ ಸೆಕೆಂಡಿಗೊಂದು ಬರುತ್ತಲೇ ಇರುವುದರಿಂದ 5 ಸೆಕೆಂಡಿನ ಅಲಾರಂ ಬಾಯಿ ಬಿಡುವುದಿಲ್ಲ. ತಲುಪುವ ಪ್ರಮಾಣವೂ ಸೊಗಸಾಗಿ ಕಾಣುತ್ತದೆ, ಯಾಕೆಂದರೆ ಕ್ಯೂ ಯಾವುದನ್ನೂ ಬಿಟ್ಟುಕೊಡುತ್ತಿಲ್ಲ.

ಹಾಗಾಗಿ ಗುಣ ಹೀಗಿರಬೇಕು: ಎಲ್ಲ ದಾರಿಗಳಲ್ಲೂ, ಎಲ್ಲ ಕಾಲದಲ್ಲೂ, ಗೇಟ್‌ವೇ ಬಳಿ ಇರುವ ಪ್ರತಿ ಸೆನ್ಸರ್ ಮೌಲ್ಯದ ವಯಸ್ಸು ಮಿತಿಯೊಳಗಿದೆ, ಇಲ್ಲವೇ ಆ ಸೆನ್ಸರ್ ಟ್ರಿಪ್ (ವಾಲ್ವ್ ಮುಚ್ಚುವುದು) ಕಡೆಗೆ ಮತ ಹಾಕಿದೆ. ವಯಸ್ಸು ಅಂದರೆ ಅಳತೆ ತೆಗೆದ ಕ್ಷಣದಿಂದ, ಪ್ಯಾಕೆಟ್ ಬಂದ ಕ್ಷಣದಿಂದ ಅಲ್ಲ. ಟಿಎಸ್‌ಸಿಎಚ್‌ನಲ್ಲಿ ಎಲ್ಲ ನೋಡ್‌ಗಳಿಗೂ ಒಂದೇ ಎಎಸ್‌ಎನ್ ಗೊತ್ತಿರುತ್ತದೆ (5 ಬೈಟ್‌ನ ಸ್ಲಾಟ್ ಎಣಿಕೆ). ಅಳತೆ ತೆಗೆದಾಗಿನ ಎಎಸ್‌ಎನ್ ಅನ್ನು ಪ್ಯಾಕೆಟ್‌ನೊಳಗೆ ಹಾಕಿ, ಗೇಟ್‌ವೇನಲ್ಲಿ ಕಳೆಯಿರಿ.

ಇಳಾ:

ಮೇಲಿನ ಮಾತಿಗೆ ಲೆಕ್ಕ ಸೇರಿಸುತ್ತೇನೆ. 30 ಸೆಕೆಂಡ್‌ನಲ್ಲಿ ರೇಡಿಯೊಗೆ ಎಷ್ಟು ಉಳಿಯುತ್ತದೆ ಅನ್ನೋದನ್ನ ಬಹಳ ಜನ ಲೆಕ್ಕ ಹಾಕುವುದೇ ಇಲ್ಲ. ಸೆನ್ಸರ್ ತಾನೇ 90% ಮೌಲ್ಯಕ್ಕೆ ಏರಲು ತೆಗೆದುಕೊಳ್ಳುವ ಸಮಯ 15 ಸೆಕೆಂಡ್ ಇರಲಿ, ವಾಲ್ವ್ ಮುಚ್ಚಲು 8 ಸೆಕೆಂಡ್. ಕಂಟ್ರೋಲರ್ ಸ್ಕ್ಯಾನ್ 0.2 ಸೆಕೆಂಡ್ ಆದರೆ ಎರಡು ಸ್ಕ್ಯಾನ್ ಹಿಡಿಯಬೇಕು, ಯಾಕೆಂದರೆ ಇನ್‌ಪುಟ್ ಓದಿದ ಮರುಕ್ಷಣವೇ ಮೌಲ್ಯ ಬದಲಾಗಿರಬಹುದು. ಅಲ್ಲಿಗೆ 0.4. ಉಳಿದದ್ದು 6.6 ಸೆಕೆಂಡ್. ನಿಮ್ಮ ಡೇಟಾಶೀಟ್ ಅಂಕಿಗಳನ್ನು ಹಾಕಿ ಇದನ್ನು ಮತ್ತೆ ಮಾಡಿ.

ಈಗ ವಯಸ್ಸಿನ ಗರಿಷ್ಠ ಮಿತಿ. ಮಾದರಿ ತೆಗೆಯುವ ಅವಧಿ ಟಿ, ದಾರಿಯಲ್ಲಿ ಹಿಡಿಯುವ ಗರಿಷ್ಠ ಕಾಲ ಡಿ, ಸಾಲಾಗಿ ಕಳೆದುಹೋಗಬಹುದಾದ ಮಾದರಿಗಳು ಕೆ. ಹೊಸದು ಬರುವ ಹಿಂದಿನ ಕ್ಷಣದಲ್ಲಿ ಕೈಯಲ್ಲಿರುವ ಮೌಲ್ಯದ ವಯಸ್ಸು ಡಿ + (ಕೆ+1)×ಟಿ. ಸ್ಲಾಟ್‌ಫ್ರೇಮ್ 1.01 ಸೆಕೆಂಡ್ (100ರ ಬದಲು 101 ಸ್ಲಾಟ್ ಯಾಕೆ ಅಂತ ಯಾರಾದರೂ ಖಂಡಿತ ಬರೆಯುತ್ತಾರೆ), ನಾಲ್ಕೂ ಹಾಪ್ ಒಂದೇ ಸ್ಲಾಟ್‌ಫ್ರೇಮ್‌ನೊಳಗೆ ಕ್ರಮವಾಗಿ ಬರುವಂತೆ ವೇಳಾಪಟ್ಟಿ ಹಾಕಿದರೆ ಡಿ ಕೂಡ 1.01. ಕೆ = 4 ಇಟ್ಟರೆ 6.06 ಸೆಕೆಂಡ್. ಕೆ = 5 ಆದರೆ 7.07, ಅದು ಮಿತಿ ಮೀರಿತು. ಹಾಗಾಗಿ ಟೈಮ್‌ಔಟ್ 6.06ಕ್ಕಿಂತ ಮೇಲೆ, 6.6ಕ್ಕಿಂತ ಕೆಳಗೆ. 6.3 ಇಡಿ. 15 + 6.3 + 0.4 + 8 = 29.7.

ಇಲ್ಲಿ ಒಂದು ವಿಷಯ ಗಮನಿಸಿ, ಇಡೀ ಕೆಲಸದ ತಿರುಳು ಇದೇ. ಟೈಮ್‌ಔಟ್ ಆದಾಗ ಟ್ರಿಪ್ ಕಡೆಗೆ ಮತ ಬೀಳುತ್ತದೆ ಅಂದ ಮೇಲೆ, ಸುರಕ್ಷತೆಯ ಪುರಾವೆಗೆ ರೇಡಿಯೊ ಎಷ್ಟು ಚೆನ್ನಾಗಿದೆ ಅನ್ನುವ ಊಹೆ ಒಂದೂ ಬೇಕಿಲ್ಲ. ಎಲ್ಲ ಪ್ಯಾಕೆಟ್ ಕಳೆದುಹೋದರೂ ವಾಲ್ವ್ ಮುಚ್ಚುತ್ತದೆ. ರೇಡಿಯೊ ಗುಣಮಟ್ಟ ನಿರ್ಧರಿಸುವುದು ಸುಮ್ಮಸುಮ್ಮನೆ ಎಷ್ಟು ಸಲ ಟ್ರಿಪ್ ಆಗುತ್ತದೆ ಅನ್ನೋದನ್ನ ಮಾತ್ರ. ಮೊದಲನೆಯದನ್ನು ಉಪ್ಪಾಲ್‌ನಲ್ಲಿ ಮಾಡಿ, ನಷ್ಟಕ್ಕೆ ಯಾವ ಕಡಿವಾಣವೂ ಇಲ್ಲದೆ. ಎರಡನೆಯದನ್ನು ಪ್ರಿಸಂನಲ್ಲಿ, ಸಂಭವನೀಯತೆಯೊಂದಿಗೆ. ಎರಡನ್ನೂ ಒಂದೇ ಮಾಡೆಲ್‌ನಲ್ಲಿ ತುರುಕಿದರೆ ಎರಡೂ ಕೈಗೆ ಸಿಗುವುದಿಲ್ಲ.

ತಳಪದರ:

101ರ ವಿಷಯ ನಾನು ಬರೆಯುತ್ತೇನೆ. ಟಿಎಸ್‌ಸಿಎಚ್‌ನಲ್ಲಿ ಚಾನೆಲ್ ಆಯ್ಕೆ ಹೀಗೆ: ಎಎಸ್‌ಎನ್‌ಗೆ ಚಾನೆಲ್ ಆಫ್‌ಸೆಟ್ ಕೂಡಿಸಿ, ಹಾಪಿಂಗ್ ಪಟ್ಟಿಯ ಉದ್ದದಿಂದ ಭಾಗಿಸಿ, ಶೇಷ ಎಷ್ಟೋ ಆ ಸ್ಥಾನದ ಚಾನೆಲ್. 16 ಚಾನೆಲ್ ಪಟ್ಟಿಗೆ 100 ಸ್ಲಾಟ್‌ನ ಸ್ಲಾಟ್‌ಫ್ರೇಮ್ ಇಟ್ಟರೆ 100 ಮತ್ತು 16ರ ಮಸಾಅ 4. ಅಂದರೆ ಒಂದು ಸೆಲ್ ಜೀವಮಾನವಿಡೀ 16ರಲ್ಲಿ 4 ಸ್ಥಾನಗಳನ್ನು ಮಾತ್ರ ಸುತ್ತುತ್ತದೆ. ವೈರ್‌ಲೆಸ್‌ಹಾರ್ಟ್ (ಕೈಗಾರಿಕೆಯ ವೈರ್‌ಲೆಸ್ ಮಾನದಂಡ) ತರಹ 15 ಚಾನೆಲ್ ಆದರೆ ಇನ್ನೂ ಕೆಟ್ಟದ್ದು: ಮಸಾಅ 5, ಸುತ್ತುವುದು 3 ಸ್ಥಾನ. ಆ ಮೂರರಲ್ಲಿ ಎರಡು ಹತ್ತಿರದ ವೈ-ಫೈ ಅಡಿಯಲ್ಲಿ ಬಿದ್ದರೆ ಆ ಲಿಂಕ್ ಕಥೆ ಮುಗಿಯಿತು. ಒಂದು ವೈ-ಫೈ ಚಾನೆಲ್ 802.15.4ರ ನಾಲ್ಕು ಚಾನೆಲ್‌ಗಳನ್ನು ನುಂಗುತ್ತದೆ. 101 ಅವಿಭಾಜ್ಯ, ಹಾಗಾಗಿ ಎಲ್ಲ ಸ್ಥಾನಗಳೂ ಸರದಿಯಲ್ಲಿ ಬರುತ್ತವೆ.

ಇನ್ನೊಂದು. ಗೇಟ್‌ವೇಗೆ ಒಂದೇ ರೇಡಿಯೊ ಇದ್ದರೆ, 24 ಸೆನ್ಸರ್ × 4 ಪ್ರಯತ್ನ = 96 ಸ್ಲಾಟ್ ಅಲ್ಲೇ ಖರ್ಚು. 101ರಲ್ಲಿ ಬೀಕನ್, ನಿರ್ವಹಣೆಗೆ ಉಳಿದದ್ದು 5. ಇನ್ನೊಂದು ವಲಯ ಸೇರಿಸಿದರೆ ವೇಳಾಪಟ್ಟಿ ಹಿಡಿಸುವುದಿಲ್ಲ. ಒಂದೇ ಸ್ಲಾಟ್‌ನಲ್ಲಿ ಒಂದು ನೋಡ್‌ಗೆ ಎರಡು ಕೆಲಸ ಬಿದ್ದಿದೆಯೇ, ಒಂದೇ ಸ್ಲಾಟ್ ಮತ್ತು ಆಫ್‌ಸೆಟ್ ಇಬ್ಬರು ನೆರೆಯವರಿಗೆ ಸಿಕ್ಕಿದೆಯೇ, ಸ್ಲಾಟ್ ಕ್ರಮ ಸೆನ್ಸರ್‌ನಿಂದ ಗೇಟ್‌ವೇ ಕಡೆಗೇ ಇದೆಯೇ ಅಂತ ನೋಡಲು ಮಾಡೆಲ್ ಚೆಕರ್ ಬೇಡ. ವೇಳಾಪಟ್ಟಿಯನ್ನು ಓದುವ ಐವತ್ತು ಸಾಲಿನ ಸ್ಕ್ರಿಪ್ಟ್ ಸಾಕು. ಆದರೆ ಪ್ರತಿ ಸಲ ವೇಳಾಪಟ್ಟಿ ಬದಲಾದಾಗಲೂ ಅದು ಓಡಲೇಬೇಕು.

ಸಿಗ್ನಲ್_ಶೋಧ:

ಕ್ಯೂ ವಿಷಯ ಓದಿ ಎದೆ ಧಸಕ್ಕೆಂದಿತು. ಕ್ಯೂ ತೆಗೆದು ಸೆನ್ಸರ್‌ಗೆ ಒಂದೇ ಸ್ಥಾನ ಇಟ್ಟು, ಹೊಸದು ಬಂದರೆ ಹಳೆಯದರ ಮೇಲೆ ಬರೆಯುವ ಹಾಗೆ ಮಾಡಿದರೆ ಸಾಕೇ? ಇಲ್ಲ, ಕ್ಯೂ ಉಳಿಸಿಕೊಂಡು ಮರುಪ್ರಯತ್ನದ ಸ್ಲಾಟ್‌ಗಳನ್ನು ಬಾಕಿ ಕರಗಿಸಲು ಬಿಡಬಹುದೇ?

ಇನ್ನೊಂದು ಪ್ರಶ್ನೆ: ಉಪ್ಪಾಲ್‌ನಲ್ಲಿ 24 ನೋಡ್ ಹಾಕಿದರೆ ಸ್ಟೇಟ್ ಸಂಖ್ಯೆ ಸ್ಫೋಟವಾಗುವುದಿಲ್ಲವೇ?

ಗಡಿಯಾರಪ್ರಿಯ:

ಒಂದೇ ಸ್ಥಾನ ಇಡಿ. ಬಾಕಿ ಕರಗಿಸಲು ಬಿಟ್ಟರೂ 16 ಬಾಕಿ ಪ್ಯಾಕೆಟ್ ಸ್ಲಾಟ್‌ಫ್ರೇಮ್‌ಗೆ ಮೂರರಂತೆ ಕರಗಲು ಐದಾರು ಸ್ಲಾಟ್‌ಫ್ರೇಮ್ ಬೇಕು, ಅಷ್ಟೂ ಹೊತ್ತು ಗೇಟ್‌ವೇ ನೋಡುವುದು ಹಳೆಯ ಲೋಕವನ್ನು. ಸುರಕ್ಷತೆಗೆ ಇತಿಹಾಸ ಬೇಡ, ಈಗಿನ ಮೌಲ್ಯ ಬೇಕು. ಟ್ರೆಂಡ್ ನೋಡಲು ಇತಿಹಾಸ ಬೇಕಿದ್ದರೆ ಅದನ್ನು ಬೇರೆ ಸ್ಲಾಟ್‌ಗಳಲ್ಲಿ ಕಳಿಸಿ.

24 ನೋಡ್ ಒಟ್ಟಿಗೆ ಹಾಕಿದರೆ ಖಂಡಿತ ಸ್ಫೋಟ ಆಗುತ್ತದೆ. ಆದರೆ ನಿಮ್ಮ ವೇಳಾಪಟ್ಟಿ ಸ್ಥಿರ. ಒಂದು ದಾರಿಯ ಪ್ಯಾಕೆಟ್ ಇನ್ನೊಂದು ದಾರಿಯನ್ನು ಮುಟ್ಟುವುದಿಲ್ಲ (ತಳಪದರ ಹೇಳಿದ ಸ್ಕ್ರಿಪ್ಟ್ ಅದನ್ನೇ ಖಾತ್ರಿ ಮಾಡುತ್ತದೆ). ಹಾಗಾಗಿ ಒಂದು ದಾರಿ, ಅಂದರೆ ಒಂದು ಸೆನ್ಸರ್, ಮೂರು ರಿಲೇ, ಗೇಟ್‌ವೇ, ಇಷ್ಟನ್ನೇ ಮಾಡೆಲ್ ಮಾಡಿ. ಆಮೇಲೆ ಒಂದು ವಲಯದ ಮೂರು ಸೆನ್ಸರ್‌ಗಳನ್ನು ಸೇರಿಸುವಾಗ ದಾರಿಯ ಒಳವಿವರ ಬಿಟ್ಟು "ಮೌಲ್ಯ ತಾಜಾ ಇದೆ / ಹಳಸಿದೆ" ಅನ್ನುವ ಎರಡೇ ಸ್ಥಿತಿಯ ಆಟೊಮ್ಯಾಟನ್ (ಸ್ಥಿತಿಗಳು ಮತ್ತು ಅವುಗಳ ನಡುವಿನ ಬಾಣಗಳ ಚಿತ್ರ) ಹಾಕಿ.

ದಾರಿಯ ಮಾಡೆಲ್‌ನಲ್ಲಿ ಏನೇನಿರಬೇಕು: ಸ್ಲಾಟ್‌ಫ್ರೇಮ್ ಎಣಿಸುವ ಒಂದು ಆಟೊಮ್ಯಾಟನ್. ಪ್ರತಿ ಹಾಪ್‌ಗೆ ಒಂದು, ಅದರ ಸಂದೇಶ ಗೆಲ್ಲಬಹುದು ಅಥವಾ ಸೋಲಬಹುದು, ಆಯ್ಕೆ ಪೂರ್ತಿ ಮುಕ್ತ. ಅಕ್ನಾಲೆಜ್‌ಮೆಂಟ್‌ಗೂ (ಅಕ್, ಅಂದರೆ ತಲುಪಿತು ಅನ್ನುವ ಉತ್ತರ) ಪ್ರತ್ಯೇಕವಾಗಿ ಅದೇ ಸ್ವಾತಂತ್ರ್ಯ. ಇದನ್ನು ಮರೆಯುವವರು ಬಹಳ. ಪ್ಯಾಕೆಟ್ ತಲುಪಿ ಅಕ್ ಕಳೆದುಹೋದರೆ ಅದೇ ಪ್ಯಾಕೆಟ್ ಎರಡು ಸಲ ಬರುತ್ತದೆ, ಆಗ ಗೇಟ್‌ವೇ ಏನು ಮಾಡುತ್ತದೆ ಅನ್ನೋದು ಮಾಡೆಲ್‌ನಲ್ಲಿ ಇರಲೇಬೇಕು. ಪ್ರತಿ ನೋಡ್ ಯಾವ ಕ್ಷಣದಲ್ಲಾದರೂ ರೀಬೂಟ್ ಆಗಬಹುದು ಅನ್ನುವ ಒಂದು ಬಾಣ. ಗೇಟ್‌ವೇನಲ್ಲಿ ವಯಸ್ಸಿನ ಗಡಿಯಾರ. ಗುಣ: ವಯಸ್ಸು 6.3 ಮೀರಿದ್ದು ಟ್ರಿಪ್ ಮತ ಬೀಳದ ಸ್ಥಿತಿ ಎಂದಿಗೂ ಬರಬಾರದು.

ಸೀಕ್ವೆನ್ಸ್ ಸಂಖ್ಯೆ 8 ಬಿಟ್ ಇದ್ದರೆ 256 ಬೆಲೆಗಳನ್ನೂ ಇಡಬೇಡಿ, 4 ಅಥವಾ 8ಕ್ಕೆ ಇಳಿಸಿ. ಆದರೆ ಗಾಳಿಯಲ್ಲಿ ಒಟ್ಟಿಗೆ ಉಳಿಯಬಹುದಾದ ಸಂದೇಶಗಳ ಸಂಖ್ಯೆ ಆ ಬೆಲೆಗಳ ಅರ್ಧಕ್ಕಿಂತ ಕಡಿಮೆ ಅನ್ನುವ ಸಂಬಂಧ ಎರಡೂ ಕಡೆ ಒಂದೇ ಇರಬೇಕು. ಇಲ್ಲದಿದ್ದರೆ ನಿಜದಲ್ಲಿ ಇಲ್ಲದ ತಪ್ಪನ್ನು ಟೂಲ್ ತೋರಿಸುತ್ತದೆ, ಅಥವಾ ನಿಜದಲ್ಲಿರುವ ತಪ್ಪನ್ನು ಮುಚ್ಚಿಡುತ್ತದೆ.

ಮಾಡೆಲ್ "ಎಲ್ಲ ಸರಿ" ಅಂದ ತಕ್ಷಣ ನಂಬಬೇಡಿ. ಇನ್‌ವೇರಿಯಂಟ್ (ಒಂದು ಸ್ಥಿತಿಯಲ್ಲಿ ಎಷ್ಟು ಹೊತ್ತು ಇರಬಹುದು ಅನ್ನುವ ಷರತ್ತು) ತಪ್ಪಾಗಿ ಬಿದ್ದು ಕಾಲ ಮುಂದೆ ಹೋಗದಂತೆ ಸಿಕ್ಕಿಕೊಂಡರೆ ಯಾವ ಸುರಕ್ಷತಾ ಗುಣವಾದರೂ ಸತ್ಯವೇ. ಮೂರು ಪರೀಕ್ಷೆ ಮಾಡಿ: ಡೆಡ್‌ಲಾಕ್ ಇಲ್ಲ ಅಂತ; ಪ್ಯಾಕೆಟ್ ನಾಲ್ಕು ಹಾಪ್ ದಾಟಿ ತಲುಪುವ ದಾರಿ, ಟ್ರಿಪ್ ಆಗುವ ದಾರಿ ಎರಡೂ ಇವೆ ಅಂತ; ಆಮೇಲೆ ಬೇಕಂತಲೇ ಹಳೆಯ 16ರ ಕ್ಯೂ ವಾಪಸ್ ಹಾಕಿ, ವಯಸ್ಸನ್ನು ಪ್ಯಾಕೆಟ್ ಬಂದ ಕ್ಷಣದಿಂದ ಎಣಿಸಿ, ನಿಜವಾದ ವಯಸ್ಸಿನ ಮೇಲೆ ಗುಣ ಕೇಳಿ. ಕೌಂಟರ್‌ಎಕ್ಸಾಂಪಲ್ (ಗುಣ ಮುರಿಯುವ ಒಂದು ಓಟ) ಬರಲೇಬೇಕು. ಬರದಿದ್ದರೆ ಮಾಡೆಲ್ ಕೆಟ್ಟಿದೆ.

ಸಂಭವ:

ಸುಳ್ಳು ಟ್ರಿಪ್ ಲೆಕ್ಕದ ಬಗ್ಗೆ. ಸಾಮಾನ್ಯವಾಗಿ ಎಲ್ಲರೂ ಎಡವುವುದು ನಷ್ಟಗಳು ಒಂದಕ್ಕೊಂದು ಸಂಬಂಧವಿಲ್ಲದವು ಅನ್ನುವ ಊಹೆಯಲ್ಲಿ. ಲಿಂಕ್ ಒಳ್ಳೆಯ ಮತ್ತು ಕೆಟ್ಟ ಸ್ಥಿತಿಗಳ ನಡುವೆ ಬದಲಾಗುತ್ತದೆ ಅನ್ನುವ ಗಿಲ್ಬರ್ಟ್–ಎಲಿಯಟ್ ಮಾಡೆಲ್ ತೆಗೆದುಕೊಳ್ಳಿ. ಒಳ್ಳೆಯ ಸ್ಥಿತಿಯಲ್ಲಿ 5% ನಷ್ಟ, ಕೆಟ್ಟ ಸ್ಥಿತಿಯಲ್ಲಿ 80%, ಕಾಲದ 5% ಕೆಟ್ಟ ಸ್ಥಿತಿ. ಸರಾಸರಿ ನಷ್ಟ 0.95×0.05 + 0.05×0.8 = 8.75%. ಸರಾಸರಿಯನ್ನೇ ಹಿಡಿದು ನಾಲ್ಕು ಪ್ರಯತ್ನವೂ ಸೋಲುವ ಸಂಭವ ಲೆಕ್ಕ ಹಾಕಿದರೆ 0.0875ರ ನಾಲ್ಕನೇ ಘಾತ, 0.0000586. ನಾಲ್ಕೂ ಪ್ರಯತ್ನ ಒಂದೇ ಸ್ಥಿತಿಯಲ್ಲೇ ಬೀಳುತ್ತವೆ ಅಂತ ಹಿಡಿದರೆ 0.05×0.4096 + 0.95×0.00000625, ಅಂದರೆ 0.0205. ಸುಮಾರು 350 ಪಟ್ಟು ವ್ಯತ್ಯಾಸ. ಸರಾಸರಿ ಅದೇ, ಲಿಂಕ್ ಅದೇ!

ಪ್ರಿಸಂಗೆ ಹಾಕಲು ಲಾಗ್ ಹೀಗೆ ತೆಗೆಯಿರಿ: ಪ್ರತಿ ಸ್ಲಾಟ್‌ಗೆ ಎಎಸ್‌ಎನ್, ಚಾನೆಲ್, ಗೆದ್ದಿತೇ ಸೋತಿತೇ. ಸಿಗ್ನಲ್ ಬಲದ ಸರಾಸರಿ ಇದಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಲಾಗ್‌ನಿಂದ ನಾಲ್ಕು ಸಂಖ್ಯೆ ಅಂದಾಜು ಮಾಡಿ: ಎರಡು ಸ್ಥಿತಿಗಳ ನಷ್ಟ, ಎರಡು ಕಡೆಯ ಬದಲಾವಣೆಯ ಸಂಭವ. ಒಂದೊಂದಕ್ಕೂ ಒಂದೇ ಬೆಲೆ ಹಾಕದೆ ಕಾನ್ಫಿಡೆನ್ಸ್ ವ್ಯಾಪ್ತಿ ಇಟ್ಟು, ಆ ವ್ಯಾಪ್ತಿಯೊಳಗೆ ಕೆಟ್ಟದ್ದನ್ನೇ ಆರಿಸುವ ಎದುರಾಳಿ ಇದ್ದಾನೆ ಅಂತ ಲೆಕ್ಕ ಮಾಡಿ.

ಸ್ಟ್ಯಾಟಿಸ್ಟಿಕಲ್ ಮಾಡೆಲ್ ಚೆಕಿಂಗ್ (ಮಾಡೆಲನ್ನು ಯಾದೃಚ್ಛಿಕವಾಗಿ ಹಲವು ಸಲ ಓಡಿಸಿ ಅಂದಾಜು ಮಾಡುವುದು) ಬಗ್ಗೆಯೂ ಕೇಳಬಹುದು. ಚೆರ್ನಾಫ್–ಹೆಫ್ಡಿಂಗ್ ಮಿತಿಯ ಪ್ರಕಾರ 0.01 ನಿಖರತೆ, 95% ವಿಶ್ವಾಸಕ್ಕೆ 18,445 ಓಟ ಬೇಕು. 0.001 ನಿಖರತೆಗೆ 18 ಲಕ್ಷ ದಾಟುತ್ತದೆ. ಸುಳ್ಳು ಟ್ರಿಪ್‌ಗೆ ಇದು ನಡೆಯುತ್ತದೆ. ಆದರೆ ಅಪಾಯಕಾರಿ ವೈಫಲ್ಯ ಗಂಟೆಗೆ 10⁻⁷ ಅನ್ನುವ ಮಾತಿಗೆ ಇದರಲ್ಲಿ ಕೈ ಹಾಕಬೇಡಿ. ಒಂದೂ ವೈಫಲ್ಯ ಕಾಣದೆ 95% ವಿಶ್ವಾಸದಲ್ಲಿ 10⁻⁷ ಅನ್ನಬೇಕಾದರೆ 3 ಕೋಟಿ ಗಂಟೆ ಪರೀಕ್ಷೆ ಬೇಕು, ಒಂದು ಯಂತ್ರಕ್ಕೆ 3,400 ವರ್ಷ ಮೀರಿತು. ಬಟ್ಲರ್ ಮತ್ತು ಫಿನೆಲ್ಲಿ 1993ರಲ್ಲೇ ಈ ಅಸಾಧ್ಯತೆಯನ್ನು ಬಿಡಿಸಿ ತೋರಿಸಿದ್ದಾರೆ.

ತಳಪದರ:

ಮೇಲಿನ ಎರಡೂ ಮಾಡೆಲ್‌ನಲ್ಲಿ ಗಡಿಯಾರದ ಅಲೆತ ಬಿಟ್ಟುಹೋಗಿದೆ. ಸಾಲು ನಷ್ಟ ಗಡಿಯಾರವನ್ನು ಕೆಡಿಸುತ್ತದೆ, ಕೆಟ್ಟ ಗಡಿಯಾರ ಇನ್ನಷ್ಟು ನಷ್ಟ ತರುತ್ತದೆ. ಈ ಕೊಂಡಿ ಇಲ್ಲದ ಮಾಡೆಲ್ ಜಾಲವನ್ನು ಇರುವುದಕ್ಕಿಂತ ಒಳ್ಳೆಯದಾಗಿ ತೋರಿಸುತ್ತದೆ.

10 ಮಿಲಿಸೆಕೆಂಡ್ ಸ್ಲಾಟ್‌ನಲ್ಲಿ ಕೇಳುವ ಕಿಟಕಿ 2.2 ಮಿಲಿಸೆಕೆಂಡ್ ಇದ್ದರೆ, ಆಚೀಚೆ 1.1 ಮಿಲಿಸೆಕೆಂಡ್ ಸಹಿಸಬಹುದು. ಎರಡು ನೋಡ್‌ಗೂ ±20 ಪಿಪಿಎಂ (ಹತ್ತು ಲಕ್ಷಕ್ಕೆ 20 ಭಾಗ) ಕ್ರಿಸ್ಟಲ್ ಅಂದರೆ ಪರಸ್ಪರ 40 ಪಿಪಿಎಂ, 27.5 ಸೆಕೆಂಡ್‌ನಲ್ಲಿ ಕಿಟಕಿ ತಪ್ಪುತ್ತದೆ. ಡೇಟಾಶೀಟ್ ಮೊದಲ ಪುಟ ನೋಡಿದವರು ಇಲ್ಲಿಗೇ ನಿಲ್ಲಿಸುತ್ತಾರೆ. 32.768 ಕಿಲೋಹರ್ಟ್ಸ್ ಕ್ರಿಸ್ಟಲ್ 25 ಡಿಗ್ರಿಯಿಂದ ದೂರ ಹೋದಷ್ಟೂ ವರ್ಗಕ್ಕೆ ಅನುಗುಣವಾಗಿ ನಿಧಾನವಾಗುತ್ತದೆ, ಸಾಮಾನ್ಯವಾಗಿ ಡಿಗ್ರಿ ವರ್ಗಕ್ಕೆ 0.034 ಪಿಪಿಎಂ. ಒಂದು ನೋಡ್ ಬಿಸಿಲಿಗೆ ಕಾದ ಪೆಟ್ಟಿಗೆಯಲ್ಲಿ 70 ಡಿಗ್ರಿ, ಅದರ ಪೇರೆಂಟ್ (ಗೇಟ್‌ವೇ ಕಡೆಗಿನ ಮುಂದಿನ ನೋಡ್) ನೆರಳಲ್ಲಿ 25 ಡಿಗ್ರಿ: 45ರ ವರ್ಗ 2025, ಅಲ್ಲಿಗೆ ಇನ್ನೂ 69 ಪಿಪಿಎಂ. ಒಟ್ಟು 109. ಈಗ 1.1 ಮಿಲಿಸೆಕೆಂಡ್ ಕರಗಲು 10.09 ಸೆಕೆಂಡ್ ಸಾಕು. ಅಷ್ಟರಲ್ಲಿ ಒಂದಾದರೂ ಅಕ್ ಬಂದು ಸಮಯ ತಿದ್ದದಿದ್ದರೆ ನೋಡ್ ಜಾಲದಿಂದ ಕಳಚಿಕೊಳ್ಳುತ್ತದೆ. ಮತ್ತೆ ಸೇರಲು ಬೀಕನ್ ಹುಡುಕಬೇಕು, ಚಾನೆಲ್ ಬದಲಾಗುತ್ತಲೇ ಇರುವುದರಿಂದ ಅದಕ್ಕೆ ಹತ್ತಾರು ಸೆಕೆಂಡ್ ಹಿಡಿಯಬಹುದು.

ಗಡಿಯಾರಪ್ರಿಯ:

ಸರಿಯಾದ ಮಾತು. ಆದರೆ ಉಪ್ಪಾಲ್‌ನಲ್ಲಿ ಇದನ್ನು ಪಿಪಿಎಂ ಮಟ್ಟದಲ್ಲಿ ಹಾಕಬೇಡಿ. ಅಲ್ಲಿನ ಗಡಿಯಾರಗಳೆಲ್ಲ ಒಂದೇ ವೇಗದಲ್ಲಿ ಓಡುತ್ತವೆ, ಅಲೆತವನ್ನು ಕನಿಷ್ಠ–ಗರಿಷ್ಠ ಅವಧಿಯಾಗಿ ಬರೆಯಬೇಕು. ಮೈಕ್ರೊಸೆಕೆಂಡ್ ಮತ್ತು ಸೆಕೆಂಡ್ ಒಂದೇ ಮಾಡೆಲ್‌ನಲ್ಲಿ ಕೂತರೆ ಝೋನ್‌ಗಳು (ಉಪ್ಪಾಲ್ ಒಟ್ಟಿಗೆ ಹಿಡಿಯುವ ಗಡಿಯಾರ ಬೆಲೆಗಳ ಗುಂಪುಗಳು) ಚೂರುಚೂರಾಗಿ ಮೆಮೊರಿ ಮುಗಿಯುತ್ತದೆ. ಬದಲಿಗೆ ತಳಪದರ ಮಾಡಿದ ಲೆಕ್ಕವನ್ನು ಪ್ರತ್ಯೇಕ ಲೆಮ್ಮಾ ಆಗಿ ಕಾಗದದ ಮೇಲೆ ಇಡಿ, ಮಾಡೆಲ್‌ನಲ್ಲಿ "ಸಾಲಾಗಿ 9 ಸ್ಲಾಟ್‌ಫ್ರೇಮ್ ಅಕ್ ಬರದಿದ್ದರೆ ನೋಡ್ ಕಳಚಿಕೊಳ್ಳಬಹುದು" ಅನ್ನುವ ಎಣಿಕೆ ಹಾಕಿ. 9×1.01 = 9.09 ಸೆಕೆಂಡ್, 10.09ರ ಒಳಗೇ ಇದೆ. ಪ್ರಿಸಂ ಮಾಡೆಲ್‌ಗೂ ಅದೇ ಎಣಿಕೆ ಸಾಕು.

ಗಡಿಯಾರ ಹೊಂದಾಣಿಕೆಯನ್ನೇ ವಿವರವಾಗಿ ನೋಡಬೇಕೆನ್ನುವವರಿಗೆ ಒಳ್ಳೆಯ ಉದಾಹರಣೆ ವೈರ್‌ಲೆಸ್ ಸೆನ್ಸರ್ ಜಾಲದ ಜಿಮ್ಯಾಕ್ ಪ್ರೊಟೊಕಾಲ್. ಹೈದರಿಯನ್, ಶ್ಮಾಲ್ಟ್ಸ್, ಫಾನ್‌ಡ್ರಾಗರ್ 2009ರಲ್ಲಿ ಅದನ್ನು ಉಪ್ಪಾಲ್‌ನಲ್ಲಿ ಮಾಡೆಲ್ ಮಾಡಿ, ಎಲ್ಲ ನೋಡ್‌ಗಳೂ ಒಂದಕ್ಕೊಂದು ನೇರ ಸಂಪರ್ಕದಲ್ಲಿರುವ ಜಾಲಗಳಿಗೆ ಬೇಕಾದ ನಿಬಂಧನೆಗಳನ್ನು ಇಸಬೆಲ್ ಅನ್ನುವ ಪ್ರೂವರ್‌ನಲ್ಲಿ (ಗಣಿತದ ಪುರಾವೆ ಪರಿಶೀಲಿಸುವ ಟೂಲ್) ಸಾಬೀತು ಮಾಡಿದರು. ಸಣ್ಣ ಜಾಲದಲ್ಲಿ ಮಾಡೆಲ್ ಚೆಕರ್‌ನಿಂದ ನಿಬಂಧನೆ ಕಂಡುಹಿಡಿದು, ಯಾವುದೇ ಗಾತ್ರದ ಅಂಥ ಜಾಲಕ್ಕೆ ಪ್ರೂವರ್‌ನಿಂದ ವಿಸ್ತರಿಸುವ ಈ ಜೋಡಿ ಕ್ರಮ ನನಗೆ ಬಹಳ ಇಷ್ಟ.

ಟೊಪಾಲಜಿ (ಯಾವ ನೋಡ್ ಯಾವುದಕ್ಕೆ ಸಂಪರ್ಕ ಅನ್ನುವ ಚಿತ್ರ) ಬದಲಾಗುವ ಜಾಲವಾದರೆ ಒಂದೇ ಚಿತ್ರದ ಮೇಲೆ ಪರಿಶೀಲಿಸಿ ಬಿಡಬೇಡಿ. 5 ನೋಡ್‌ಗಳ ಸಂಪರ್ಕಿತ ಗ್ರಾಫ್‌ಗಳು ರೂಪ ಲೆಕ್ಕದಲ್ಲಿ 21, ಅವುಗಳಲ್ಲಿ ಒಂದನ್ನು ಗೇಟ್‌ವೇ ಅಂತ ಗುರುತಿಸಿದರೆ 58. ಅಷ್ಟನ್ನೂ ಓಡಿಸಬಹುದು. 7 ನೋಡ್‌ಗೆ ಗುರುತು ಹಾಕದೆಯೇ 853. ಪ್ರೊಟೊಕಾಲ್ ತಪ್ಪುಗಳು ಬಹುಪಾಲು ಸಣ್ಣ ಟೊಪಾಲಜಿಯಲ್ಲೇ ಕಾಣಿಸಿಕೊಳ್ಳುತ್ತವೆ.

ಇಳಾ:

ಗ್ರಾಫ್ ಬಂದದ್ದರಿಂದ ಒಂದು ಮಾತು. ರಿಲೇ ಸತ್ತರೆ ಏನಾಗುತ್ತದೆ ಅನ್ನುವುದಕ್ಕೂ ಮಾಡೆಲ್ ಚೆಕರ್ ಬೇಕಿಲ್ಲ. 24 ನೋಡ್‌ಗಳಲ್ಲಿ ಎರಡೆರಡು ತೆಗೆದರೆ 276 ಸನ್ನಿವೇಶ, ಮೂರು ತೆಗೆದರೆ 2,024. ಎಲ್ಲವನ್ನೂ ಎಣಿಸಿ ನೋಡಿ. ಆದರೆ "ಇನ್ನೊಂದು ದಾರಿ ಇದೆ" ಅಂದ ಮಾತ್ರಕ್ಕೆ ಸಾಲದು, ಹೊಸ ವೇಳಾಪಟ್ಟಿ ಹಂಚಲು 6.3 ಸೆಕೆಂಡ್‌ಗಿಂತ ಹೆಚ್ಚು ಹೊತ್ತು ಹಿಡಿಯಬಹುದು. ಅಷ್ಟರೊಳಗೆ ಆ ರಿಲೇಯ ಕೆಳಗಿನ ಸೆನ್ಸರ್‌ಗಳೆಲ್ಲ ಹಳಸುತ್ತವೆ. ಒಂದೇ ವಲಯದ ಎರಡು ಸೆನ್ಸರ್‌ಗಳು ಒಂದೇ ರಿಲೇ ಮೂಲಕ ಹೋಗುತ್ತಿದ್ದರೆ, ಆ ರಿಲೇ ಸತ್ತ ತಕ್ಷಣ ಎರಡು ಟ್ರಿಪ್ ಮತ, ವಾಲ್ವ್ ಮುಚ್ಚಿತು. ಹಾಗಾಗಿ ನಿಯಮ: ಯಾವ ರಿಲೇ ಮೂಲಕವೂ ಒಂದು ವಲಯದ ಒಂದಕ್ಕಿಂತ ಹೆಚ್ಚು ಸೆನ್ಸರ್ ಹಾಯಬಾರದು. 24 ವೋಲ್ಟ್ ಸರಬರಾಜಿಗೂ ಇದೇ ನಿಯಮ.

ಇನ್ನು ಸುರಕ್ಷತೆಯ ಬದಿ. ಪ್ಯಾಕೆಟ್ ತಾಜಾ, ಎಎಸ್‌ಎನ್ ಸರಿ, ಮೌಲ್ಯ ಸೊನ್ನೆ. ಕ್ಯಾಟಲಿಟಿಕ್ ಸೆನ್ಸರ್‌ಗೆ ಸಿಲಿಕೋನ್ ಆವಿ ತಗುಲಿದರೆ ಮಣಿ ನಿಷ್ಕ್ರಿಯವಾಗಿ ಗ್ಯಾಸ್ ಇದ್ದರೂ ಸೊನ್ನೆಯನ್ನೇ ತೋರಿಸುತ್ತದೆ, ಅದು ಶುದ್ಧ ಗಾಳಿಯ ಮೌಲ್ಯವೇ. ಸ್ವಯಂಪರೀಕ್ಷೆಗೆ ಇದು ಗೊತ್ತಾಗುವುದಿಲ್ಲ. ಒಂದೇ ವಲಯದ ಮೂರಕ್ಕೂ ಒಟ್ಟಿಗೆ ತಗುಲಬಹುದು. ಮಾಡೆಲ್‌ನಲ್ಲಿ "ತಾಜಾ ಸೊನ್ನೆ" ಅನ್ನುವ ದೋಷ ಇಲ್ಲದಿದ್ದರೆ ನಿಮ್ಮ ಪುರಾವೆ ರೇಡಿಯೊದ ಬಗ್ಗೆ ಮಾತ್ರ ಮಾತಾಡುತ್ತದೆ.

ಅಂಕಿ ನೋಡಿ. ಪತ್ತೆಯಾಗದ ಅಪಾಯಕಾರಿ ವೈಫಲ್ಯ ಗಂಟೆಗೆ 10⁻⁶, ವರ್ಷಕ್ಕೊಮ್ಮೆ ಗ್ಯಾಸ್ ಬಿಟ್ಟು ಪರೀಕ್ಷೆ, ಅಂದರೆ 8,760 ಗಂಟೆ. ಗುಣಲಬ್ಧ 0.00876. ಮೂರರಲ್ಲಿ ಎರಡು ಮತಕ್ಕೆ, ಸೆನ್ಸರ್‌ಗಳು ಪೂರ್ತಿ ಸ್ವತಂತ್ರ ಅಂದುಕೊಂಡರೆ ಬೇಡಿಕೆ ಬಂದಾಗ ಸೋಲುವ ಸರಾಸರಿ ಸಂಭವ ಅದರ ವರ್ಗ, 7.7×10⁻⁵. ಐಇಸಿ 61508ರ ಕೋಷ್ಟಕದಲ್ಲಿ ಇದು ಸಿಲ್ 4ರ ಪಟ್ಟಿಯಲ್ಲಿ ಬೀಳುತ್ತದೆ! ಈಗ ಬೀಟಾ ಅಂಶ (ಒಂದೇ ಕಾರಣದಿಂದ ಎಲ್ಲ ಸೆನ್ಸರ್‌ಗಳೂ ಒಟ್ಟಿಗೆ ಸೋಲುವ ಪಾಲು) 5% ಹಾಕಿ: 0.05×0.00876÷2 = 2.2×10⁻⁴. ಈ ಸಮಾನ ಕಾರಣದ ಪಾಲೊಂದೇ ಸ್ವತಂತ್ರ ವೈಫಲ್ಯಗಳ ಸುಮಾರು ಮೂರು ಪಟ್ಟು. ಇದೂ ಬರೀ ಸೆನ್ಸರ್ ಪಾಲು. ವಾಲ್ವ್ ಮತ್ತು ಕಂಟ್ರೋಲರ್ ಇನ್ನೂ ಸೇರಬೇಕು, ಸಾಮಾನ್ಯವಾಗಿ ವಾಲ್ವ್‌ನದೇ ದೊಡ್ಡ ಪಾಲು. ಮೂರರಲ್ಲಿ ಒಂದನ್ನು ಇನ್ಫ್ರಾರೆಡ್ ಮಾಡಿದರೆ ವಿಷ ತಗುಲುವ ಕಾರಣ ಒಡೆಯುತ್ತದೆ, ಆದರೆ ಇನ್ಫ್ರಾರೆಡ್‌ಗೆ ಹೈಡ್ರೋಜನ್ ಕಾಣುವುದಿಲ್ಲ. ನಿಮ್ಮ ಗ್ಯಾಸ್ ಯಾವುದು ಅನ್ನೋದರ ಮೇಲೆ ನಿಂತಿದೆ.

ಸಂಭವ:

ಮತದಾನದ ತರ್ಕಕ್ಕೆ ಕಾಲವನ್ನೂ ಸೇರಿಸಿಯೇ ಪರಿಶೀಲಿಸಿ ಅನ್ನುವುದಕ್ಕೆ ಕ್ವಾಂಟಾಸ್ 72 ವಿಮಾನದ ಘಟನೆ ದೊಡ್ಡ ಪಾಠ. 7 ಅಕ್ಟೋಬರ್ 2008, ಏರ್‌ಬಸ್ ಎ330. ಮೂರು ಏರ್ ಡೇಟಾ ಘಟಕಗಳು ಇದ್ದವು. ಒಂದರಿಂದ ಆಂಗಲ್ ಆಫ್ ಅಟ್ಯಾಕ್ (ರೆಕ್ಕೆಗೆ ಗಾಳಿ ತಾಗುವ ಕೋನ) ಮೌಲ್ಯದಲ್ಲಿ ಚೂಪಾದ ಜಿಗಿತಗಳು ಬಂದವು. ಜಿಗಿತ ಕಂಡರೆ ಹಿಂದಿನ ಒಳ್ಳೆಯ ಮೌಲ್ಯವನ್ನು 1.2 ಸೆಕೆಂಡ್ ಹಿಡಿದಿಡುವ ತರ್ಕ ಇತ್ತು. ಎರಡು ಜಿಗಿತಗಳ ನಡುವಿನ ಅಂತರವೂ 1.2 ಸೆಕೆಂಡ್ ಆದಾಗ, ಹಿಡಿತ ಮುಗಿಯುವ ಕ್ಷಣದಲ್ಲೇ ಎರಡನೆಯ ಜಿಗಿತ ಒಳನುಗ್ಗಿ ವಿಮಾನ ಮೂಗು ಕೆಳಗೆ ಹಾಕಿತು. ಒಂದು ಮೌಲ್ಯ ಕೆಟ್ಟರೆ ಏನು ಅಂತ ಮಾತ್ರ ಪರೀಕ್ಷೆ ಮಾಡಿದರೆ ಇದು ಸಿಗುವುದಿಲ್ಲ. ಕೆಟ್ಟ ಮೌಲ್ಯ ಯಾವ ಕ್ಷಣದಲ್ಲಾದರೂ, ಎಷ್ಟು ಸಲವಾದರೂ ಬರಬಹುದು ಅಂತ ಮುಕ್ತವಾಗಿ ಬಿಟ್ಟರೆ ಟೈಮ್ಡ್ ಆಟೊಮ್ಯಾಟಾ ಮಾಡೆಲ್ ಇಂಥ ಅಂತರವನ್ನು ತಾನೇ ಹುಡುಕಿ ತೆಗೆಯುತ್ತದೆ. ನಿಮ್ಮ ಗೇಟ್‌ವೇನಲ್ಲಿ ಫಿಲ್ಟರ್, ಹೋಲ್ಡ್, ಡಿಬೌನ್ಸ್ ಏನೇ ಇದ್ದರೂ ಅದು ಮಾಡೆಲ್‌ನೊಳಗೆ ಇರಲಿ.

ಸಿಗ್ನಲ್_ಶೋಧ:

ಎಲ್ಲರಿಗೂ ಧನ್ಯವಾದ. ಇನ್ನೆರಡು ಸಂಶಯ. ಹಾಳಾದ ಪ್ಯಾಕೆಟ್ ಸರಿಯಾದದ್ದರಂತೆ ಒಳಬರುವ ಸಂಭವಕ್ಕೆ ರೇಡಿಯೊದ 16 ಬಿಟ್ ಸಿಆರ್‌ಸಿ (ದೋಷ ಪತ್ತೆಯ ಸಂಖ್ಯೆ) ಸಾಕೇ? ಮತ್ತೆ, ಮಾಡೆಲ್ ಸರಿ ಇದ್ದರೂ ಸಿ ಕೋಡ್ ಅದೇ ರೀತಿ ನಡೆಯುತ್ತದೆ ಅಂತ ಹೇಗೆ ತೋರಿಸುವುದು?

ಇಳಾ:

ಮೊದಲನೆಯದಕ್ಕೆ ಉತ್ತರ: ಸಾಲದು. ಬ್ಲ್ಯಾಕ್ ಚಾನೆಲ್ ವಿಧಾನದಲ್ಲಿ ರೇಡಿಯೊದ ಯಾವ ರಕ್ಷಣೆಯನ್ನೂ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅಪ್ಲಿಕೇಷನ್ ಮಟ್ಟದಲ್ಲೇ ಸೆನ್ಸರ್ ಗುರುತು, ಎಎಸ್‌ಎನ್, ಸರಣಿ ಸಂಖ್ಯೆ, ಪ್ರತ್ಯೇಕ ಸಿಆರ್‌ಸಿ ಇರಬೇಕು. ಸುರಕ್ಷತಾ ಸಂವಹನದ ಮಾನದಂಡ ಐಇಸಿ 61784-3 ಪಟ್ಟಿ ಮಾಡುವ ದೋಷಗಳನ್ನು (ಕೆಡುವುದು, ಮರುಕಳಿಸುವುದು, ಕ್ರಮ ತಪ್ಪುವುದು, ಕಳೆಯುವುದು, ತಡವಾಗುವುದು, ಹೊರಗಿನದು ನುಸುಳುವುದು, ವೇಷ ಹಾಕಿ ಬರುವುದು, ವಿಳಾಸ ತಪ್ಪುವುದು) ಒಂದೊಂದಾಗಿ ಯಾವ ಕ್ಷೇತ್ರ ತಡೆಯುತ್ತದೆ ಅಂತ ಬರೆಯಿರಿ.

ಸಿಲ್ 2ಕ್ಕೆ ಅಪಾಯಕಾರಿ ವೈಫಲ್ಯದ ಮಿತಿ ಗಂಟೆಗೆ 10⁻⁶, ಸಂವಹನಕ್ಕೆ ರೂಢಿಯಲ್ಲಿ ಅದರ 1%, ಅಂದರೆ 10⁻⁸. ಒಂದು ವಲಯದ 3 ಸೆನ್ಸರ್ ಗಂಟೆಗೆ ಸುಮಾರು 10,700 ಸಂದೇಶ ಕಳಿಸುತ್ತವೆ. ಬಂದದ್ದೆಲ್ಲ ಕೆಟ್ಟದ್ದೇ ಅನ್ನುವ ಅತಿಕೆಟ್ಟ ಊಹೆಯಲ್ಲಿ 32 ಬಿಟ್ ಸಿಆರ್‌ಸಿ ಕೂಡ ಗಂಟೆಗೆ 2.5×10⁻⁶ ಕೆಟ್ಟ ಸಂದೇಶಗಳನ್ನು ಒಳಬಿಡುತ್ತದೆ. ಎರಡು ದಾರಿ: 64 ಬಿಟ್‌ನ ದೃಢೀಕರಣ ಟ್ಯಾಗ್, ಇಲ್ಲವೇ ಸಿಆರ್‌ಸಿ ತಪ್ಪುಗಳನ್ನು ಎಣಿಸಿ ಮಿತಿ ದಾಟಿದರೆ ಸುರಕ್ಷಿತ ಸ್ಥಿತಿಗೆ ಹೋಗುವುದು. ಟ್ಯಾಗ್ ವೇಷದ ದೋಷವನ್ನೂ ಹಿಡಿಯುತ್ತದೆ, ಹಾಗಾಗಿ ನನ್ನ ಮತ ಅದಕ್ಕೆ.

ತಳಪದರ:

ಕೋಡ್ ಬಗ್ಗೆ. ಸಿಬಿಎಂಸಿ (ಸಿ ಕೋಡನ್ನೇ ನೇರವಾಗಿ ಪರಿಶೀಲಿಸುವ ಮಾಡೆಲ್ ಚೆಕರ್) ಬಳಸಿ. ರೇಡಿಯೊ ಡ್ರೈವರ್ ಜಾಗದಲ್ಲಿ ಏನು ಬೇಕಾದರೂ ವಾಪಸ್ ಕೊಡುವ ಸ್ಟಬ್ (ಬದಲಿ ಫಂಕ್ಷನ್) ಇಡಿ: ಉದ್ದ 0ರಿಂದ 127, ಒಳಗಿನ ಬೈಟ್‌ಗಳು ಅನಿರ್ದಿಷ್ಟ. ಪಾರ್ಸರ್, ವಯಸ್ಸು ಲೆಕ್ಕ, ಮತದಾನ, ಈ ಮೂರು ಫಂಕ್ಷನ್ ಸಾಕು, ಇಡೀ ಫರ್ಮ್‌ವೇರ್ ಹಾಕಲು ಹೋಗಬೇಡಿ. ಲೂಪ್ ಬಿಚ್ಚುವ ಮಿತಿಯ ಜತೆಗೆ ಅನ್‌ವೈಂಡಿಂಗ್ ಅಸರ್ಷನ್ (ಆ ಮಿತಿ ಸಾಕಾಗಿದೆಯೇ ಅನ್ನುವ ಪರಿಶೀಲನೆ) ಆನ್ ಇರಲಿ, ಇಲ್ಲದಿದ್ದರೆ ಮಿತಿಯಾಚೆಗಿನ ತಪ್ಪುಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ.

ಮೊದಲು ಸಿಗುವ ತಪ್ಪು ಯಾವುದು ಅಂತ ಈಗಲೇ ಹೇಳಬಹುದು: ಸಮಯ ಹೋಲಿಕೆ. 32,768 ಹರ್ಟ್ಸ್‌ನಲ್ಲಿ ಎಣಿಸುವ 32 ಬಿಟ್ ಕೌಂಟರ್ 1,31,072 ಸೆಕೆಂಡ್‌ಗೆ, ಅಂದರೆ 36 ಗಂಟೆ 24 ನಿಮಿಷಕ್ಕೆ ಸುತ್ತು ಮುಗಿಸಿ ಸೊನ್ನೆಗೆ ಬರುತ್ತದೆ. "ಈಗ, ಗಡುವಿಗಿಂತ ದೊಡ್ಡದೇ" ಅಂತ ನೇರವಾಗಿ ಹೋಲಿಸಿದ್ದರೆ ಆ ಕ್ಷಣದಲ್ಲಿ ಟೈಮ್‌ಔಟ್ ಆಗುವುದೇ ಇಲ್ಲ. ಮೊದಲು ಕಳೆದು, ವ್ಯತ್ಯಾಸವನ್ನು ಹೋಲಿಸಬೇಕು. ಒಂದು ದಿನದ ಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ, ಸಿಬಿಎಂಸಿಗೆ ಕೆಲವೇ ಕ್ಷಣದಲ್ಲಿ ಸಿಗುತ್ತದೆ.

ಎರಡನೆಯದು ಇಳಾ ಮೇಡಂ ಹೇಳಿದ ಟ್ಯಾಗ್ ಜತೆಗೇ ಬರುವ ತೊಂದರೆ. ದೃಢೀಕರಣಕ್ಕೆ ಏರುತ್ತಲೇ ಹೋಗುವ ಫ್ರೇಮ್ ಕೌಂಟರ್ ಬೇಕು. ನೋಡ್ ರೀಬೂಟ್ ಆಗಿ ಕೌಂಟರ್ ಸೊನ್ನೆಯಿಂದ ಶುರುವಾದರೆ, ಅದರ ಪ್ರತಿ ಪ್ಯಾಕೆಟ್ ಹಳೆಯದರ ಮರುಪ್ರಸಾರ ಅಂತ ಗೇಟ್‌ವೇ ಎಸೆಯುತ್ತದೆ. ನೋಡ್ ಆರೋಗ್ಯವಾಗಿದೆ, ಲಿಂಕ್ ಚೆನ್ನಾಗಿದೆ, ಸೆನ್ಸರ್ ಮಾತ್ರ ಶಾಶ್ವತವಾಗಿ ಹಳಸಿದೆ. ಗಡಿಯಾರಪ್ರಿಯರ ಮಾಡೆಲ್‌ನಲ್ಲಿ ರೀಬೂಟ್ ಬಾಣ ಇದ್ದರೆ ಇದು ಅಲ್ಲೇ ಸಿಕ್ಕಿಬೀಳುತ್ತದೆ.

ಪರಿಹಾರ: ಕೌಂಟರನ್ನು 1,024ರ ಗುಂಪಿನಲ್ಲಿ ಫ್ಲ್ಯಾಶ್‌ಗೆ ಬರೆಯಿರಿ. ಒಂದು ಗುಂಪನ್ನು ಬಳಸಲು ಶುರು ಮಾಡುವ ಮೊದಲೇ ಮುಂದಿನ ಗುಂಪಿನ ಆರಂಭವನ್ನು ಬರೆದು, ಬೂಟ್ ಆದಾಗ ಅಲ್ಲಿಂದಲೇ ಶುರು ಮಾಡಿ. ಬರೆಯುವುದು ಮೊದಲು, ಬಳಸುವುದು ಆಮೇಲೆ. ಈ ಕ್ರಮ ತಿರುಗಿದರೆ ನಡುವೆ ವಿದ್ಯುತ್ ಹೋದಾಗ ಒಂದೇ ಕೌಂಟರ್ ಎರಡು ಸಲ ಬಳಕೆಯಾಗಿ ಎನ್‌ಕ್ರಿಪ್ಷನ್ನೇ ಮುರಿಯುತ್ತದೆ. ಸೆಕೆಂಡಿಗೆ ಒಂದು ಫ್ರೇಮ್ ಅಂದರೆ ದಿನಕ್ಕೆ ಸುಮಾರು 84 ಬರಹ. ಪ್ರತಿ ಸಲ ಪುಟ ಅಳಿಸಿ ಬರೆದರೆ 10,000 ಅಳಿಸುವಿಕೆಯ ಫ್ಲ್ಯಾಶ್ ನಾಲ್ಕು ತಿಂಗಳೊಳಗೆ ಸವೆಯುತ್ತದೆ. 4 ಕಿಲೋಬೈಟ್ ಪುಟದಲ್ಲಿ 8 ಬೈಟ್‌ನ ದಾಖಲೆಗಳನ್ನು ಒಂದರ ಹಿಂದೆ ಒಂದು ಸೇರಿಸುತ್ತಾ ಹೋದರೆ 512 ಬರಹಕ್ಕೆ ಒಂದೇ ಅಳಿಸುವಿಕೆ. ರಿಲೇ ನೋಡ್‌ಗಳು ಬೇರೆಯವರ ಪ್ಯಾಕೆಟ್‌ಗಳನ್ನೂ ಕಳಿಸುವುದರಿಂದ, ಮರುಪ್ರಯತ್ನಗಳಿಗೂ ಹೊಸ ಕೌಂಟರ್ ಬೇಕಾಗುವುದರಿಂದ, ಅವುಗಳಿಗೆ ಈ ಲೆಕ್ಕವನ್ನು ಹತ್ತಾರು ಪಟ್ಟು ಮಾಡಿ ನೋಡಿ. ಪುಟ ಅಳಿಸುವ ಹೊತ್ತಿನಲ್ಲೇ ವಿದ್ಯುತ್ ಹೋಗುವ ಸನ್ನಿವೇಶಕ್ಕೆ ಎರಡು ಪುಟಗಳನ್ನು ಸರದಿಯಲ್ಲಿ ಬಳಸಿ, ಹೊಸ ಪುಟದಲ್ಲಿ ಮೊದಲ ದಾಖಲೆ ಕೂತ ಮೇಲೆಯೇ ಹಳೆಯದನ್ನು ಅಳಿಸಿ.